ಅಚ್ಚು ತಯಾರಿಕೆಗೆ ಗಣಕಯಂತ್ರದ ನೆರವು

ಬಕೆಟ್ಟು, ಬಾಟಲಿಯ ಮುಚ್ಚಳ, ವಿದ್ಯುತ್ ಸ್ವಿಚ್ಚು ಮುಂತಾದ ಪ್ಲಾಸ್ಟಿಕ್ ವಸ್ತುಗಳು ಸಾಮಾನ್ಯವಾಗಿ ಉಕ್ಕಿನ ಅಚ್ಚಿನಲ್ಲಿ ರೂಪು ತಳೆಯುತ್ತವೆ. ಮುಂಬಯಿಯ ಅಂಧೇರಿ ಹಾಗೂ ಸಮೀಪದ ವಸಯಿಯಲ್ಲಿ ಇಂತಹ ಅಚ್ಚುಗಳನ್ನು ಕೊರೆಯುವ ಸಣ್ಣ ಕಾರ್ಖಾನೆಗಳಿವೆ. ಚೂನಾಭಟ್ಟಿಯಲ್ಲಿ 1969ರಲ್ಲಿ ಸ್ಥಾಪನೆಗೊಂಡ ಕೇಂದ್ರ ಸರ್ಕಾರದ ‘ಐಡೆಮಿ’ ಸಂಸ್ಥೆಯು ಈ ಕಸುಬಿನಲ್ಲಿ ತರಬೇತಿ ನೀಡುತ್ತದೆ.

ಗಣಕ ನಿಯಂತ್ರಿತ ಯಂತ್ರವು ಕೊಟ್ಟ ಆದೇಶವನ್ನು ಪ್ರಶ್ನಿಸದೆ ಪಾಲಿಸುತ್ತದೆ. ಆದೇಶದಲ್ಲಿ ಒಂದು ಅಂಕಿ ತಪ್ಪಿದರೂ ಹಲವು ದಿನ ಕೊರೆದ ದುಬಾರಿ ಉಕ್ಕು ಕ್ಷಣದಲ್ಲಿ ಹಾಳಾಗಬಹುದು. ಹಿಂದೆ ಮೇಣ ಅಥವಾ ಮರದ ಮೇಲೆ ಮೊದಲು ಕೊರೆದು ನೋಡುವ ರೂಢಿಯಿತ್ತು. ಈಗ ಆ ಪರೀಕ್ಷೆಯು ಗಣಕದ ಪರದೆಯ ಮೇಲೆಯೇ ನಡೆಯುತ್ತದೆ. ಕಟರ್ ಸಾಗಿದಂತೆಲ್ಲ ಅದು ತೆಗೆಯುವ ಲೋಹವನ್ನು ಗಣಕವು ಲೆಕ್ಕದಿಂದ ಕಳೆಯುತ್ತದೆ. ಉಳಿದ ಆಕಾರವನ್ನು ವಿನ್ಯಾಸದೊಡನೆ ಹೋಲಿಸಿ, ಮಿತಿಮೀರಿ ಕೊರೆದ ಹಾಗೂ ಕೊರೆಯದೆ ಉಳಿದ ಭಾಗಗಳನ್ನು ಬೇರೆ ಬೇರೆ ಬಣ್ಣಗಳಲ್ಲಿ ತೋರಿಸುತ್ತದೆ. ಆಳವಾದ ಅಚ್ಚುಗಳಲ್ಲಿ ಕಟರಿಗಿಂತ ಅದನ್ನು ಹಿಡಿದಿರುವ ಹೋಲ್ಡರೇ ಗೋಡೆಗೆ ತಗಲುವ ಭಯ ಹೆಚ್ಚು. ಅದೂ ಮೊದಲೇ ಗೋಚರವಾಗುತ್ತದೆ.

ಆದರೆ ಗಣಕಕ್ಕೆ ತಿಳಿಸಿದಷ್ಟೇ ತಿಳಿದಿರುತ್ತದೆ. ಉಕ್ಕನ್ನು ಬಿಗಿದ ಕ್ಲ್ಯಾಂಪಿನ ಅಳತೆಯನ್ನು ನಮೂದಿಸದಿದ್ದರೆ, ಪರದೆಯಲ್ಲಿ ಸರಾಗವಾಗಿ ಸಾಗಿದ ಕಟರ್ ಯಂತ್ರದಲ್ಲಿ ಅದಕ್ಕೇ ಬಡಿಯಬಹುದು. ಚಲನೆಯನ್ನಷ್ಟೇ ಪರೀಕ್ಷಿಸುವ ಇಂತಹ ಅನುಕರಣೆಯಲ್ಲಿ ಅಲಗಿನ ಸವೆತವಾಗಲಿ, ಉದ್ದನೆಯ ಕಟರಿನ ಕಂಪನವಾಗಲಿ ಕಾಣುವುದಿಲ್ಲ. ಅವನ್ನು ನುರಿತ ಕುಶಲಕರ್ಮಿಯು ಯಂತ್ರದ ಸದ್ದಿನಿಂದಲೇ ಗುರುತಿಸುತ್ತಾನೆ.