ಕೊಡಗಿನಲ್ಲಿ ಗ್ರಹ ಛಾಯಾಗ್ರಹಣ

ಗ್ರಹ ಛಾಯಾಗ್ರಹಣ ಎಂಬುದು ದೂರದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಸೌರವ್ಯೂಹದ ಗ್ರಹಗಳ ಬಿಂಬಗಳನ್ನು ಸೆರೆಹಿಡಿಯುವ ವಿಧಾನ. ಇದು ಖಗೋಳ ಛಾಯಾಗ್ರಹಣದ ಒಂದು ಶಾಖೆ. ನೀಹಾರಿಕೆ ಮತ್ತು ಗೆಲಕ್ಸಿಗಳ ಚಿತ್ರಣಕ್ಕೆ ಕಗ್ಗತ್ತಲೆಯ ಆಕಾಶ ಅಗತ್ಯ. ಗ್ರಹಗಳು ಪ್ರಕಾಶಮಾನವಾಗಿರುವುದರಿಂದ ಅವುಗಳ ಚಿತ್ರಣಕ್ಕೆ ಕತ್ತಲೆಗಿಂತ ನಿಶ್ಚಲವಾದ ಗಾಳಿ ಮುಖ್ಯ. ಆದ್ದರಿಂದ ಮನೆಯ ಅಂಗಳದಿಂದಲೇ, ಹುಣ್ಣಿಮೆಯ ರಾತ್ರಿಯಲ್ಲಿಯೂ ಇದನ್ನು ಕೈಗೊಳ್ಳಬಹುದು. ಕರ್ನಾಟಕದ ಕೊಡಗು ಜಿಲ್ಲೆಯಲ್ಲಿ ಅಕ್ಷಾಂಶವು ಈ ಹವ್ಯಾಸಕ್ಕೆ ಅನುಕೂಲಕರವಾಗಿದ್ದರೆ, ನೈಋತ್ಯ ಮುಂಗಾರು ಅದರ ಪ್ರಮುಖ ಅಡಚಣೆಯಾಗಿದೆ. ಯಾವ ಗ್ರಹವನ್ನು ಯಾವ ವರ್ಷ ಚೆನ್ನಾಗಿ ಚಿತ್ರೀಕರಿಸಬಹುದು ಎಂಬುದನ್ನು ಇಲ್ಲಿ ಬಹುಮಟ್ಟಿಗೆ ಮಳೆಗಾಲವೇ ನಿರ್ಧರಿಸುತ್ತದೆ.

ತತ್ತ್ವ

ಗ್ರಹಗಳ ಬಿಂಬಗಳು ಅತಿ ಚಿಕ್ಕವು. ಇವುಗಳ ಕೋನೀಯ ವ್ಯಾಸವನ್ನು ಆರ್ಕ್ ಸೆಕೆಂಡುಗಳಲ್ಲಿ ಅಳೆಯುತ್ತಾರೆ. ಒಂದು ಆರ್ಕ್ ಸೆಕೆಂಡ್ ಎಂದರೆ ಒಂದು ಡಿಗ್ರಿಯ 3600ನೆಯ ಒಂದು ಭಾಗ. ಚಂದ್ರಬಿಂಬದ ವ್ಯಾಸ ಸುಮಾರು 1800 ಆರ್ಕ್ ಸೆಕೆಂಡ್ ಇದ್ದರೆ, ಭೂಮಿಗೆ ಸಮೀಪದಲ್ಲಿರುವಾಗ ಗುರುಗ್ರಹದ ವ್ಯಾಸ 44ರಿಂದ 50, ಶನಿಯ ಗೋಳದ ವ್ಯಾಸ ಸುಮಾರು 19 ಆರ್ಕ್ ಸೆಕೆಂಡ್ ಇರುತ್ತದೆ. ಮಂಗಳನ ವ್ಯಾಸವು ಅತ್ಯಂತ ಸಮೀಪದಲ್ಲಿಯೂ 25 ಆರ್ಕ್ ಸೆಕೆಂಡುಗಳನ್ನು ಸ್ವಲ್ಪವೇ ಮೀರುತ್ತದೆ.

ದೂರದರ್ಶಕವು ಬಿಡಿಸಿ ತೋರಿಸಬಲ್ಲ ಸೂಕ್ಷ್ಮತೆಯು ಅದರ ಮಸೂರ ಅಥವಾ ಕನ್ನಡಿಯ ವ್ಯಾಸವನ್ನು ಅವಲಂಬಿಸಿದೆ. 116ನ್ನು ಮಿಲಿಮೀಟರಿನಲ್ಲಿರುವ ವ್ಯಾಸದಿಂದ ಭಾಗಿಸಿದರೆ ಆರ್ಕ್ ಸೆಕೆಂಡುಗಳಲ್ಲಿ ಈ ಮಿತಿ ದೊರೆಯುತ್ತದೆ. 200 ಮಿ.ಮೀ. ಕನ್ನಡಿಗೆ ಇದು 0.58 ಆರ್ಕ್ ಸೆಕೆಂಡ್. ಆದರೆ ವಾತಾವರಣದ ಪದರಗಳ ಕದಲಿಕೆಯಿಂದ ಬಿಂಬವು ಇದಕ್ಕಿಂತ ಹೆಚ್ಚು ಹರಡಿಕೊಳ್ಳುತ್ತದೆ. ಈ ಕದಲಿಕೆಯ ನಡುವೆಯೂ ಕ್ಷಣಕಾಲ ಗಾಳಿ ನಿಶ್ಚಲವಾಗುವುದುಂಟು. ಆ ಕ್ಷಣಗಳನ್ನು ಹೆಕ್ಕಿ ತೆಗೆಯುವುದೇ ಆಧುನಿಕ ಗ್ರಹ ಛಾಯಾಗ್ರಹಣದ ಮೂಲತತ್ತ್ವ.

ಉಪಕರಣ ಮತ್ತು ಕ್ರಮ

ಹವ್ಯಾಸಿಗಳು ಸಾಮಾನ್ಯವಾಗಿ 130ರಿಂದ 250 ಮಿ.ಮೀ. ವ್ಯಾಸದ ಪ್ರತಿಫಲನ ದೂರದರ್ಶಕಗಳನ್ನು ಬಳಸುತ್ತಾರೆ. ಐಪೀಸ್ ಇರುವ ಜಾಗದಲ್ಲಿ ಚಿಕ್ಕ ವಿಡಿಯೋ ಕ್ಯಾಮೆರಾವನ್ನು, ಅದರ ಮುಂದೆ ಬಿಂಬವನ್ನು ಹಿಗ್ಗಿಸುವ ಬಾರ್ಲೋ ಮಸೂರವನ್ನು ಅಳವಡಿಸಲಾಗುತ್ತದೆ. ಉದಾಹರಣೆಗೆ 1200 ಮಿ.ಮೀ. ಸಂಗಮ ದೂರದ ದೂರದರ್ಶಕಕ್ಕೆ 2.5 ಪಟ್ಟಿನ ಬಾರ್ಲೋ ಸೇರಿಸಿದರೆ ಸಂಗಮ ದೂರ 3000 ಮಿ.ಮೀ. ಆಗುತ್ತದೆ. ಕ್ಯಾಮೆರಾದ ಪಿಕ್ಸೆಲ್ ಗಾತ್ರ 2.9 ಮೈಕ್ರಾನ್ ಇದ್ದಲ್ಲಿ ಪ್ರತಿ ಪಿಕ್ಸೆಲ್ 0.2 ಆರ್ಕ್ ಸೆಕೆಂಡನ್ನು ಆವರಿಸುತ್ತದೆ; 45 ಆರ್ಕ್ ಸೆಕೆಂಡಿನ ಗುರುಗ್ರಹವು ಸುಮಾರು 225 ಪಿಕ್ಸೆಲ್ ಅಗಲದ ಚಿತ್ರವಾಗುತ್ತದೆ.

ಚಿತ್ರೀಕರಣದ ಹಂತಗಳು ಹೀಗಿವೆ:

1. ದೂರದರ್ಶಕವನ್ನು ಒಂದು ಗಂಟೆ ಮೊದಲೇ ಹೊರಗಿಟ್ಟು, ಕನ್ನಡಿಯು ಹೊರಗಿನ ಉಷ್ಣತೆಗೆ ತಣಿಯಲು ಬಿಡುವುದು.
2. ಕನ್ನಡಿಗಳ ಅಕ್ಷವನ್ನು ಹೊಂದಿಸಿ, ಪ್ರಕಾಶಮಾನವಾದ ನಕ್ಷತ್ರ ಅಥವಾ ಗುರುವಿನ ಉಪಗ್ರಹದ ಮೇಲೆ ಫೋಕಸ್ ಮಾಡುವುದು.
3. ಒಂದು ಫ್ರೇಮಿಗೆ 5ರಿಂದ 15 ಮಿಲಿಸೆಕೆಂಡ್ ಅವಧಿಯಂತೆ ಸಾವಿರಾರು ಫ್ರೇಮುಗಳ ವಿಡಿಯೋ ದಾಖಲಿಸುವುದು. ಫೈರ್‌ಕ್ಯಾಪ್ಚರ್, ಶಾರ್ಪ್‌ಕ್ಯಾಪ್ ಮುಂತಾದ ತಂತ್ರಾಂಶಗಳು ಇದಕ್ಕೆ ಬಳಕೆಯಲ್ಲಿವೆ.
4. ಆಟೋಸ್ಟ್ಯಾಕರ್ಟ್‌ನಂತಹ ತಂತ್ರಾಂಶದಿಂದ ಸ್ಪಷ್ಟವಾದ ಫ್ರೇಮುಗಳನ್ನಷ್ಟೇ ಆಯ್ದು ಒಂದರ ಮೇಲೊಂದು ಜೋಡಿಸುವುದು.
5. ಜೋಡಿಸಿದ ಚಿತ್ರವನ್ನು ರೆಜಿಸ್ಟಾಕ್ಸ್ ಮುಂತಾದ ತಂತ್ರಾಂಶದಲ್ಲಿ ಹರಿತಗೊಳಿಸುವುದು.

ಗುರುಗ್ರಹವು 10 ಗಂಟೆಗೂ ಕಡಿಮೆ ಅವಧಿಯಲ್ಲಿ ಒಂದು ಸುತ್ತು ತಿರುಗುತ್ತದೆ. ಆದ್ದರಿಂದ ಅದರ ವಿಡಿಯೋ ಎರಡು ಮೂರು ನಿಮಿಷಗಳನ್ನು ಮೀರಿದರೆ ಮೇಲ್ಮೈ ವಿವರಗಳು ಮಸುಕಾಗುತ್ತವೆ.

ಅಕ್ಷಾಂಶದ ಅನುಕೂಲ

ಮಡಿಕೇರಿಯು ಸುಮಾರು 12.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದು, ಸಮುದ್ರಮಟ್ಟದಿಂದ 1100 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಇಲ್ಲಿ ಗ್ರಹಗಳು ಯಾವ ಋತುವಿನಲ್ಲಿಯೂ ಆಕಾಶದಲ್ಲಿ ಸಾಕಷ್ಟು ಮೇಲೇರುತ್ತವೆ. 2019ರ ಜೂನ್‌ನಲ್ಲಿ ಗುರುಗ್ರಹವು ತನ್ನ ಪಥದ ದಕ್ಷಿಣದ ತುದಿಯ ಬಳಿ ಇದ್ದಾಗ ಲಂಡನ್ನಿನಲ್ಲಿ ಅದು ದಿಗಂತದಿಂದ ಸುಮಾರು 16 ಡಿಗ್ರಿ ಮಾತ್ರ ಏರಿತ್ತು; ಕೊಡಗಿನ ಅಕ್ಷಾಂಶದಲ್ಲಿ ಅದರ ಗರಿಷ್ಠ ಎತ್ತರ ಸುಮಾರು 55 ಡಿಗ್ರಿ. 16 ಡಿಗ್ರಿ ಎತ್ತರದಲ್ಲಿ ಬೆಳಕು ನೆತ್ತಿಯಿಂದ ಬರುವ ಬೆಳಕಿಗಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚು ಗಾಳಿಯನ್ನು ಹಾದು ಬರಬೇಕಾಗುತ್ತದೆ. 2026ರ ಜನವರಿಯಲ್ಲಿ ಗುರುವು ಕೊಡಗಿನಲ್ಲಿ ಸುಮಾರು 80 ಡಿಗ್ರಿ ಎತ್ತರಕ್ಕೆ, ಅಂದರೆ ಬಹುತೇಕ ನೆತ್ತಿಯ ಮೇಲಕ್ಕೇ ಬರುವ ಸ್ಥಿತಿಯಲ್ಲಿತ್ತು. ಕಾಫಿ ತೋಟದ ನೆರಳು ಮರಗಳು ದಿಗಂತವನ್ನು ಮರೆಮಾಡುವ ಅಂಗಳಗಳಿಗೂ ಇದರಿಂದ ಹೆಚ್ಚಿನ ತೊಂದರೆಯಾಗುವುದಿಲ್ಲ.

ಮುಂಗಾರು ಮತ್ತು ವಿಯುತಿಗಳು

ಭೂಮಿಯಿಂದ ನೋಡಿದಾಗ ಹೊರಗ್ರಹವೊಂದು ಸೂರ್ಯನಿಗೆ ನೇರ ಎದುರು ದಿಕ್ಕಿನಲ್ಲಿರುವ ಸ್ಥಿತಿಗೆ ವಿಯುತಿ ಎಂದು ಹೆಸರು. ಆಗ ಗ್ರಹವು ಭೂಮಿಗೆ ಸಮೀಪವಿದ್ದು, ರಾತ್ರಿಯಿಡೀ ಕಾಣುತ್ತದೆ. ವಿಯುತಿಯ ಆಸುಪಾಸಿನ ವಾರಗಳೇ ಚಿತ್ರೀಕರಣಕ್ಕೆ ಉತ್ತಮ ಕಾಲ. ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶ ಬಹುಪಾಲು ಮುಚ್ಚಿರುವುದರಿಂದ ಈ ತಿಂಗಳುಗಳಲ್ಲಿ ಸಂಭವಿಸುವ ವಿಯುತಿಗಳು ಹವ್ಯಾಸಿಗಳ ಕೈತಪ್ಪುತ್ತವೆ.

ಗುರುವಿನ ವಿಯುತಿಯು ಪ್ರತಿ ವರ್ಷ ಸುಮಾರು ಒಂದು ತಿಂಗಳು ಮುಂದಕ್ಕೆ ಸರಿಯುತ್ತದೆ. 2019ರಿಂದ 2022ರವರೆಗಿನ ನಾಲ್ಕು ವಿಯುತಿಗಳು ಮಳೆಗಾಲದಲ್ಲಿಯೇ ಬಂದವು. 2023ರ ನವೆಂಬರ್ 3ರ ವಿಯುತಿಯಿಂದ 2030ರ ಮೇ ತಿಂಗಳ ವಿಯುತಿಯವರೆಗಿನವು ಮುಂಗಾರಿನ ಹೊರಗಿವೆ. ಅವುಗಳಲ್ಲಿಯೂ ಮಾರ್ಚ್ ಮತ್ತು ಏಪ್ರಿಲ್‌ಗಳಲ್ಲಿ ಬರುವವಕ್ಕೆ ಕಾಫಿಯ ಹೂಮಳೆಯ ಮೋಡಗಳು ಅಡ್ಡಬರಬಹುದು.

ಶನಿಯು ನಿಧಾನವಾಗಿ ಚಲಿಸುವುದರಿಂದ ಅದರ ವಿಯುತಿ ವರ್ಷಕ್ಕೆ ಸುಮಾರು 12–13 ದಿನಗಳಷ್ಟೇ ಸರಿಯುತ್ತದೆ. 2016ರ ಜೂನ್ 3ರಿಂದ 2025ರ ಸೆಪ್ಟೆಂಬರ್ 21ರವರೆಗಿನ ಹತ್ತೂ ವಿಯುತಿಗಳು ಮಳೆಗಾಲದೊಳಗೆ ಸೇರಿದ್ದವು. ಈ ಅವಧಿಯಲ್ಲಿ ಮೋಡ ಚದುರಿದ ನಂತರ, ಗ್ರಹವು ದೂರ ಸರಿಯುತ್ತಿದ್ದಾಗ ಚಿತ್ರೀಕರಿಸುವುದೊಂದೇ ದಾರಿಯಾಗಿತ್ತು. 2026ರ ಅಕ್ಟೋಬರ್ 4ರಿಂದ ಶನಿಯ ವಿಯುತಿಗಳು ಮುಂಗಾರಿನಿಂದ ಹೊರಬರುತ್ತವೆ. 2025ರ ಮಾರ್ಚ್‌ನಲ್ಲಿ ಭೂಮಿಗೆ ಅಂಚಷ್ಟೇ ಕಾಣುವಂತಿದ್ದ ಉಂಗುರಗಳು ನಂತರದ ವರ್ಷಗಳಲ್ಲಿ ಕ್ರಮೇಣ ತೆರೆದುಕೊಳ್ಳುತ್ತವೆ.

ಮಂಗಳನ ವಿಷಯದಲ್ಲಿ ಅಡಚಣೆ ಶಾಶ್ವತವಾದುದು. ಮಂಗಳನ ಕಕ್ಷೆಯು ಸೂರ್ಯನಿಗೆ ಅತಿ ಹತ್ತಿರವಿರುವ ಬಿಂದುವಿನ ದಿಕ್ಕಿಗೆ ಭೂಮಿಯು ಪ್ರತಿವರ್ಷ ಆಗಸ್ಟ್ ಕೊನೆಯಲ್ಲಿ ತಲುಪುತ್ತದೆ. ಆದ್ದರಿಂದ ಮಂಗಳನು ಭೂಮಿಗೆ ಅತಿ ಸಮೀಪ ಬರುವ ವಿಯುತಿಗಳು ಜುಲೈನಿಂದ ಸೆಪ್ಟೆಂಬರ್ ಅವಧಿಯ ಆಸುಪಾಸಿನಲ್ಲಿಯೇ ಸಂಭವಿಸುತ್ತವೆ. 2018ರ ಜುಲೈ 31ರಂದು ಮಂಗಳನು 5.76 ಕೋಟಿ ಕಿ.ಮೀ. ಸಮೀಪಕ್ಕೆ ಬಂದಿತ್ತು. ಅದು ಕೊಡವರ ಕಕ್ಕಡ ತಿಂಗಳು. ಮರುತಿಂಗಳ ಮಧ್ಯಭಾಗದಲ್ಲಿ ಜಿಲ್ಲೆಯು ಭಾರೀ ಭೂಕುಸಿತಗಳಿಗೆ ತುತ್ತಾಯಿತು. 2020ರ ಅಕ್ಟೋಬರ್ ಮಧ್ಯದ ವಿಯುತಿಯಲ್ಲಿ ಗ್ರಹದ ವ್ಯಾಸ 22 ಆರ್ಕ್ ಸೆಕೆಂಡಿಗೂ ಹೆಚ್ಚಿದ್ದು, ಅಂತಹ ಮಳೆಗಾಲದ ಅಂಚಿನ ವಿಯುತಿಗಳೇ ಕೊಡಗಿಗೆ ಒದಗುವ ಉತ್ತಮ ಅವಕಾಶಗಳು. 2025ರ ಜನವರಿ 16ರ ವಿಯುತಿಯಲ್ಲಿ ಆಕಾಶದ ಕಾಲ ಅನುಕೂಲವಾಗಿದ್ದರೂ ವ್ಯಾಸ ಸುಮಾರು 14.6 ಆರ್ಕ್ ಸೆಕೆಂಡ್ ಮಾತ್ರವಿತ್ತು.

ಸ್ಥಳದ ಆಯ್ಕೆ ಮತ್ತು ಉಪಕರಣ ರಕ್ಷಣೆ

ಕಾಫಿ ಒಣಗಿಸುವ ಕಾಂಕ್ರೀಟ್ ಕಣವು ಸಮತಟ್ಟಾಗಿದ್ದು ತೆರೆದ ಆಕಾಶ ಹೊಂದಿದ್ದರೂ ದೂರದರ್ಶಕ ನಿಲ್ಲಿಸಲು ಸೂಕ್ತವಲ್ಲ. ಹಗಲಿನಲ್ಲಿ ಹೀರಿದ ಶಾಖವನ್ನು ಕಾಂಕ್ರೀಟ್ ರಾತ್ರಿ ಬಹುಹೊತ್ತಿನವರೆಗೆ ಹೊರಸೂಸುವುದರಿಂದ ಬಿಂಬ ನಡುಗುತ್ತದೆ. ಹುಲ್ಲು ಅಥವಾ ಮಣ್ಣಿನ ಅಂಗಳ ಮೇಲು. ಗ್ರಹವು ಮನೆಯ ಛಾವಣಿಯ ಮೇಲ್ಭಾಗದಲ್ಲಿ ಕಾಣುವ ಜಾಗವನ್ನೂ ಇದೇ ಕಾರಣಕ್ಕೆ ತಪ್ಪಿಸಬೇಕು. ಬೆಟ್ಟದ ಏಣನ್ನು ದಾಟಿ ಬರುವ ಗಾಳಿ ಸುಳಿಗೊಳ್ಳುವುದರಿಂದ ಗಾಳಿ ಬೀಸುವ ರಾತ್ರಿಗಳಲ್ಲಿ ಎತ್ತರದ ತಾಣಗಳೂ ಪ್ರಯೋಜನಕ್ಕೆ ಬರುವುದಿಲ್ಲ. ಚಳಿಗಾಲದಲ್ಲಿ ಕಣಿವೆಗಳಿಗೆ ಮಂಜು ಇಳಿಯುವ ಮೊದಲೇ ಚಿತ್ರೀಕರಣ ಮುಗಿಸುವುದು ಒಳಿತು. ಮಳೆಗಾಲದ ತೇವಾಂಶದಿಂದ ಮಸೂರ ಮತ್ತು ಕನ್ನಡಿಗಳಿಗೆ ಶಿಲೀಂಧ್ರ ಹಿಡಿಯುತ್ತದೆ. ಗಾಳಿಯಾಡದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್‌ನೊಂದಿಗೆ ಇಡುವುದರಿಂದ ಇದನ್ನು ತಡೆಯಬಹುದು.

ವೈಜ್ಞಾನಿಕ ಮಹತ್ವ

ಹವ್ಯಾಸಿಗಳ ಚಿತ್ರಗಳು ಸಂಶೋಧನೆಗೂ ನೆರವಾಗಿವೆ. 2009ರ ಜುಲೈ 19ರಂದು ಆಸ್ಟ್ರೇಲಿಯಾದ ಹವ್ಯಾಸಿ ಆಂಥೋನಿ ವೆಸ್ಲಿ ತಮ್ಮ ಮನೆಯ ದೂರದರ್ಶಕದಿಂದ ಗುರುವಿನ ಮೇಲೆ ಕಪ್ಪು ಕಲೆಯೊಂದನ್ನು ಗುರುತಿಸಿದರು. ಅದು ಆಕಾಶಕಾಯವೊಂದರ ಅಪ್ಪಳಿಕೆಯ ಗುರುತೆಂದು ನಂತರ ದೃಢಪಟ್ಟಿತು. 2016ರಿಂದ ಗುರುವನ್ನು ಸುತ್ತುತ್ತಿರುವ ಜೂನೋ ನೌಕೆಯ ಕ್ಯಾಮೆರಾ ಯೋಜನೆಯೂ ಹವ್ಯಾಸಿಗಳ ಚಿತ್ರಗಳನ್ನು ಬಳಸಿಕೊಂಡಿದೆ. ಒಂದು ದೇಶದಲ್ಲಿ ಹಗಲಿರುವಾಗ ಗುರುವಿನ ಇನ್ನೊಂದು ಮುಖ ಬೇರೆ ದೇಶದ ರಾತ್ರಿಗೆ ಕಾಣುವುದರಿಂದ, ನಿರಂತರ ದಾಖಲೆಗೆ ಎಲ್ಲ ರೇಖಾಂಶಗಳಲ್ಲಿಯೂ ವೀಕ್ಷಕರ ಅಗತ್ಯವಿದೆ. ಚಿತ್ರದೊಂದಿಗೆ ದಿನಾಂಕ, ನಿಖರವಾದ ಸಮಯ ಮತ್ತು ಉಪಕರಣದ ವಿವರಗಳನ್ನು ದಾಖಲಿಸಿದರೆ ಮಾತ್ರ ಅದು ಅಧ್ಯಯನಕ್ಕೆ ಉಪಯುಕ್ತವಾಗುತ್ತದೆ.

ಎಚ್ಚರಿಕೆ

ಬುಧ ಮತ್ತು ಶುಕ್ರಗಳು ಸೂರ್ಯನ ಸಮೀಪದಲ್ಲಿ ಕಾಣುವುದರಿಂದ ಅವುಗಳನ್ನು ಸೂರ್ಯಾಸ್ತದ ನಂತರ ಅಥವಾ ಸೂರ್ಯೋದಯಕ್ಕೆ ಸಾಕಷ್ಟು ಮೊದಲು ಮಾತ್ರ ಚಿತ್ರೀಕರಿಸಬೇಕು. ಸೂಕ್ತ ಸೌರ ಶೋಧಕವಿಲ್ಲದೆ ದೂರದರ್ಶಕವನ್ನು ಸೂರ್ಯನತ್ತ ತಿರುಗಿಸಿ ನೋಡಿದರೆ ಕ್ಷಣಮಾತ್ರದಲ್ಲಿ ಕಣ್ಣಿಗೆ ಶಾಶ್ವತ ಹಾನಿಯಾಗುತ್ತದೆ. ಕ್ಯಾಮೆರಾದ ಸಂವೇದಕವೂ ಸುಟ್ಟುಹೋಗಬಹುದು.