ಮಕ್ಕಳ ರಂಗಕ್ಕೆ ನಾದ ಕೊಟ್ಟ ಬಿ.ವಿ. ಕಾರಂತರು

ಏಪ್ರಿಲ್ ತಿಂಗಳು ಬಂತೆಂದರೆ ರಾಜಾಜಿನಗರದಿಂದ ಕೆಂಗೇರಿಯವರೆಗೆ ಬೀದಿಬೀದಿಯಲ್ಲಿಯೂ ಬೇಸಿಗೆ ಶಿಬಿರಗಳ ಫಲಕಗಳು ತೂಗಾಡತೊಡಗುತ್ತವೆ. ಅಬಾಕಸ್, ಕರಾಟೆ, ಕೀಬೋರ್ಡ್, ಕೈಬರಹ ಸುಧಾರಣೆ, ಇನ್ನೂ ಏನೇನೋ. ರಜೆಯೆಂಬುದೂ ಒಂದು ಶಾಲೆಯೇ ಆಗಿಬಿಟ್ಟಿದೆಯಲ್ಲಾ ಎಂದು ನಾವು ಗೊಣಗಿಕೊಳ್ಳುವುದುಂಟು. ಕಳೆದ ಬೇಸಿಗೆಯಲ್ಲಿ ಬಸವೇಶ್ವರನಗರದ ನಮ್ಮ ಮನೆಯ ಎದುರಿನ ಉದ್ಯಾನದಲ್ಲಿಯೂ ಅಂಥದೊಂದು ಶಿಬಿರ ನಡೆಯಿತು. ಬೆಳಗಿನ ಹೊತ್ತು ನಾವು ಓದಲು ಕುಳಿತರೆ ಹೊರಗಿನಿಂದ ಏನೇನೋ ಸದ್ದು: ಒಮ್ಮೆ ಕಪ್ಪೆಗಳು ವಟಗುಟ್ಟಿದಂತೆ, ಒಮ್ಮೆ ಗಾಳಿ ಬೀಸಿದಂತೆ, ಒಮ್ಮೆ ತಗಡು ಬಡಿದಂತೆ. ಮೂರನೆಯ ದಿನ ಸಹನೆ ಮೀರಿ, ನಾಲ್ಕು ಬುದ್ಧಿಮಾತು ಹೇಳಿಬರೋಣವೆಂದು ಹೊರಟೆವು.

ಅಲ್ಲಿ ಇಪ್ಪತ್ತೈದು ಮಕ್ಕಳು ಸುತ್ತಲೂ ಕುಳಿತು ಮಳೆಯನ್ನು ತರಿಸುತ್ತಿದ್ದರು! ಮೊದಲು ಅಂಗೈಗಳನ್ನು ಉಜ್ಜುವುದು, ಬಳಿಕ ಚಿಟಿಕೆ, ಬಳಿಕ ತೊಡೆ ತಟ್ಟುವುದು, ಕಡೆಗೆ ನೆಲಕ್ಕೆ ಪಾದ ಬಡಿಯುವುದು. ಕಣ್ಣು ಮುಚ್ಚಿಕೊಂಡರೆ ನಿಜವಾಗಿಯೂ ಮಳೆಯೇ. ನಮ್ಮ ಪಕ್ಕದ ಬೀದಿಯ ಒಂಬತ್ತು ವರ್ಷದ ಹುಡುಗಿಯೊಬ್ಬಳು ಗಾಳಿಯ ಪಾತ್ರದಲ್ಲಿದ್ದಳು. ಆ ಮಗುವಿನ ಕಂಠ ಸ್ವಲ್ಪ ಒರಟು. ಶಾಲೆಯ ವಾರ್ಷಿಕೋತ್ಸವದ ಸಮೂಹಗಾನದಲ್ಲಿ ಅವಳಿಗೆ ಬಾಯಿ ಮಾತ್ರ ಆಡಿಸಲು ಹೇಳಿದ್ದರೆಂದು ಅವಳ ತಾಯಿ ನಮ್ಮ ಮನೆಯಲ್ಲಿ ಹೇಳಿಕೊಂಡು ನೊಂದದ್ದು ನಮಗೆ ನೆನಪಿತ್ತು. ಈಗ ಅದೇ ಒರಟು ಕಂಠದಿಂದ ಅವಳು ಉಸಿರನ್ನೆಳೆದು ಬಿಟ್ಟರೆ ಕಾಡಿನ ಗಾಳಿ! ನಮ್ಮನ್ನು ನೋಡಿ, "ತಾತ, ನೀವೂ ಮಳೆಗೆ ಬನ್ನಿ" ಎಂದು ಕರೆದಳು. ಶಿಬಿರ ನಡೆಸುತ್ತಿದ್ದ ತರುಣ ಎದ್ದು ನಮಸ್ಕರಿಸಿ, "ತೊಂದರೆಯಾಯಿತೇನೋ ಗುರುಗಳೇ, ಇದು ಕಾರಂತ ಮೇಷ್ಟ್ರ ದಾರಿ" ಎಂದ. ಬುದ್ಧಿಮಾತು ನಮ್ಮ ಬಾಯಲ್ಲಿಯೇ ಉಳಿಯಿತು.

ಯಾವ ಕಾರಂತರು ಎಂಬ ಪ್ರಶ್ನೆ ಕಿರಿಯ ಓದುಗರಿಗೆ ಬರಬಹುದು. 'ಚೋಮನ ದುಡಿ' ಕಾದಂಬರಿಯನ್ನು ಬರೆದವರು ಶಿವರಾಮ ಕಾರಂತರು. ಅದನ್ನು ಚಲನಚಿತ್ರವಾಗಿಸಿ ೧೯೭೫ರ ಸಾಲಿನ ಶ್ರೇಷ್ಠ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನು ಕನ್ನಡಕ್ಕೆ ತಂದವರು ಬಾಬುಕೋಡಿ ವೆಂಕಟರಮಣ ಕಾರಂತರು. ಇಬ್ಬರೂ ದಕ್ಷಿಣ ಕನ್ನಡದ ಮಣ್ಣಿನವರು, ಇಬ್ಬರಿಗೂ ಮಕ್ಕಳೆಂದರೆ ಅಕ್ಕರೆ. ಇಲ್ಲಿ ನಾವು ಹೇಳಹೊರಟಿರುವುದು ಎರಡನೆಯವರನ್ನು ಕುರಿತು.

ಬಿ.ವಿ. ಕಾರಂತರು ಹುಟ್ಟಿದ್ದು ೧೯೨೯ರಲ್ಲಿ, ಬಂಟ್ವಾಳ ತಾಲ್ಲೂಕಿನ ಮಂಚಿಯ ಬಳಿ. ಮೂರನೆಯ ತರಗತಿಯಲ್ಲಿದ್ದಾಗ ಪಿ.ಕೆ. ನಾರಾಯಣರೆಂಬ ಗುರುಗಳು ಕುವೆಂಪು ಅವರ 'ನನ್ನ ಗೋಪಾಲ'ವನ್ನು ಆಡಿಸಿದರು. ಬಾಲಕ ವೆಂಕಟರಮಣ ಬಣ್ಣ ಹಚ್ಚಿದ. ಬಡ ತಾಯಿಯ ಮಗನೊಬ್ಬ ಕಾಡುದಾರಿಯಲ್ಲಿ ಒಬ್ಬನೇ ಶಾಲೆಗೆ ಹೋಗಲು ಹೆದರಿದಾಗ, ಗೋಪಾಲನನ್ನು ಕೂಗಿ ಕರೆ, ಬರುತ್ತಾನೆಂದು ತಾಯಿ ಹೇಳುವ ಕಥೆ ಅದು. ಹುಡುಗ ನಂಬಿ ಕೂಗುತ್ತಾನೆ, ಕಾಡಿನಿಂದ ಓಗೊಡುವವನು ಬರುತ್ತಾನೆ. ಮುಂದೆ ಮಕ್ಕಳ ಕೂಗಿಗೆ ಓಗೊಡುವುದನ್ನೇ ಬಾಳಿನ ದೊಡ್ಡ ಕೆಲಸವಾಗಿಸಿಕೊಂಡವರಿಗೆ ಮೊದಲ ನಾಟಕವಾಗಿ ಇದೇ ಒದಗಿದ್ದು ಯೋಗಾಯೋಗವೆನ್ನಬೇಕು.

ಬಣ್ಣದ ಗೀಳು ಹತ್ತಿದ ಹುಡುಗ ಮನೆ ಬಿಟ್ಟು ಓಡಿಹೋಗಿ ಸೇರಿದ್ದು ಗುಬ್ಬಿ ವೀರಣ್ಣನವರ ಕಂಪನಿಯನ್ನು. ೧೮೮೪ರಲ್ಲಿ ಗುಬ್ಬಿಯಲ್ಲಿ ಆರಂಭವಾದ ಶ್ರೀ ಚನ್ನಬಸವೇಶ್ವರ ನಾಟಕ ಸಂಘವದು. ವೀರಣ್ಣನವರೂ ಬಾಲನಟರಾಗಿಯೇ ಆ ಸಂಘವನ್ನು ಹೊಕ್ಕು, ಅದರ ಒಡೆಯರಾಗಿ ಬೆಳೆದವರು. ಅಲ್ಲಿ ಕಾರಂತರ ಜೊತೆಗಿದ್ದ ಮತ್ತೊಬ್ಬ ತರುಣ ಮುತ್ತುರಾಜ. ನಾವು ದಿನವೂ ಹಾದುಹೋಗುವ ರಾಜಾಜಿನಗರದ ಡಾ. ರಾಜಕುಮಾರ್ ರಸ್ತೆಗೆ ಈಗ ಇರುವುದು ಅವರ ಹೆಸರೇ.

ಕಂಪನಿಯಲ್ಲಿ ಸಿಕ್ಕಿದ ವಿದ್ಯೆ ಎಂಥದು? ಪಾಠವೆಂದು ಯಾರೂ ಕೂಡಿಸಿ ಹೇಳುವುದಿಲ್ಲ. ಹಾರ್ಮೋನಿಯಂ ಮೇಷ್ಟ್ರ ಪಕ್ಕದಲ್ಲಿ ನಿಂತು ಮಟ್ಟು ಕಿವಿಗೆ ಬೀಳುತ್ತದೆ, ಪರದೆ ಎಳೆಯುತ್ತ ಲಯ ಕೈಗೆ ಹತ್ತುತ್ತದೆ. ನಾವು ಬೆಳೆದ ಮಠದ ಉಚಿತ ವಿದ್ಯಾರ್ಥಿನಿಲಯದಲ್ಲಿಯೂ ಬಹುಪಾಲು ವಿದ್ಯೆ ಹೀಗೆಯೇ ಹತ್ತಿದ್ದು. ದಾಸೋಹದ ಸಾಲಿನಲ್ಲಿ ಬಡಿಸುತ್ತಲೇ ಎಷ್ಟೋ ವಚನಗಳು ಬಾಯಿಗೆ ಬಂದವು. ಜಾತ್ರೆಗೆ ಕಂಪನಿ ಬಂದಾಗ ಕದ್ದು ನಾಟಕಕ್ಕೆ ಹೋಗಿ ಏಟು ತಿಂದದ್ದೂ ಉಂಟು, ಆ ಮಾತು ಬೇರೆ.

ವೀರಣ್ಣನವರ ಒಂದು ಕಾರ್ಯವನ್ನು ಇಲ್ಲಿ ನಿಂತು ನೆನೆಯಬೇಕು. ಜಾಣ ವಟುಗಳನ್ನು ಶಾಸ್ತ್ರಾಧ್ಯಯನಕ್ಕೆಂದು ಕಾಶಿಗೆ ಕಳುಹಿಸುವುದು ನಮ್ಮ ಮಠಗಳ ಹಳೆಯ ರೂಢಿ. ನಾಟಕ ಕಂಪನಿಯ ಯಜಮಾನರೊಬ್ಬರು ತಮ್ಮ ಹುಡುಗನನ್ನು ಅದೇ ಕಾಶಿಗೆ ಎಂ.ಎ. ಓದಲೆಂದು ಕಳುಹಿಸಿದ್ದನ್ನು ಮಾತ್ರ ನಾವು ಬೇರೆಲ್ಲೂ ಕೇಳಿಲ್ಲ. ಕೈಗೆ ಬಂದ ಕಲಾವಿದನನ್ನು ಕಳೆದುಕೊಳ್ಳುತ್ತೇನೆಂಬ ಲೆಕ್ಕವನ್ನು ಅವರು ಹಾಕಲಿಲ್ಲ. ಕಾಶಿಯಲ್ಲಿ ಕಾರಂತರು ಹಿಂದಿಯಲ್ಲಿ ಎಂ.ಎ. ಮಾಡಿದ್ದಲ್ಲದೆ ಪಂಡಿತ ಓಂಕಾರನಾಥ ಠಾಕೂರರಲ್ಲಿ ಹಿಂದುಸ್ತಾನಿ ಸಂಗೀತವನ್ನೂ ಕಲಿತರು. ಹುಟ್ಟೂರಿನ ಯಕ್ಷಗಾನ, ಕಂಪನಿಯ ಮಟ್ಟು, ಕಾಶಿಯ ರಾಗ ಈ ಮೂರೂ ಒಂದೇ ಕಂಠದಲ್ಲಿ ಸೇರಿದ್ದು ಹೀಗೆ. ೧೯೬೨ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಿಂದ ಪದವಿ ಪಡೆದರು.

ಅಂಥ ಪದವಿ ಪಡೆದವರು ಅನಂತರ ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಮಕ್ಕಳಿಗೆ ನಾಟಕ ಕಲಿಸುವ ಮೇಷ್ಟ್ರಾದರೆಂಬುದನ್ನು ಅವರ ಜೀವನಚರಿತ್ರೆ ಹೇಳುವವರು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನಮಗೆ ಹಾಗೆನಿಸುವುದಿಲ್ಲ. ದೊಡ್ಡವರ ರಂಗಭೂಮಿಯಲ್ಲಿ ಅವರು ಮುಂದೆ ಮಾಡಿದ ಸಂಗೀತಕ್ಕೂ ಮಕ್ಕಳ ಆಟಕ್ಕೂ ಬಹಳ ದೂರವಿಲ್ಲ.

೧೯೭೨ರಲ್ಲಿ ಬೆಂಗಳೂರಿನಲ್ಲಿ ಬಯಲು ರಂಗದ ಮೇಲೆ 'ಈಡಿಪಸ್', 'ಜೋಕುಮಾರಸ್ವಾಮಿ', 'ಸಂಕ್ರಾಂತಿ' ನಾಟಕಗಳನ್ನು ಆಡಿಸಿ ಅವರು ಕನ್ನಡ ರಂಗಭೂಮಿಯ ದಿಕ್ಕನ್ನೇ ಬದಲಿಸಿದರೆಂಬುದು ಸರ್ವವಿದಿತ. 'ಬೆನಕ' ತಂಡದ 'ಸತ್ತವರ ನೆರಳು' ನಾಟಕಕ್ಕೆ ಪುರಂದರದಾಸರ ಪದಗಳನ್ನು ಅಳವಡಿಸಿದರು. ಶ್ರೀರಂಗರ ಆ ನಾಟಕ ಮಠದ ಉತ್ತರಾಧಿಕಾರದ ಜಗಳವನ್ನು ಕುರಿತದ್ದು. ಮಠದ ಅನ್ನವುಂಡು ಬೆಳೆದ ನಾವು ಅದನ್ನು ನೋಡಲು ಹೋದದ್ದು ಕೊಂಚ ಮುನಿಸಿನಿಂದಲೇ. ಹೊರಬರುವಾಗ ಮುನಿಸು ಮರೆತು ಪದಗಳನ್ನು ಗುನುಗುತ್ತಿದ್ದೆವು.

ಅವರ ಸಂಗೀತದ ಗುಟ್ಟೇನು? ಹಳೆಯ ಕಂಪನಿ ನಾಟಕದಲ್ಲಿ ನಾಯಕ ಹಾಡಲು ನಿಂತರೆ ಕಥೆ ನಿಲ್ಲುತ್ತಿತ್ತು, ಸಭಿಕರು 'ಒನ್ಸ್ ಮೋರ್' ಕೂಗಿದರೆ ಸಾಯುವ ರಾಜನೂ ಎದ್ದು ಮತ್ತೊಮ್ಮೆ ಹಾಡಿ ಸಾಯಬೇಕಾಗುತ್ತಿತ್ತು. ಕಾರಂತರು ಆ ಮಟ್ಟುಗಳನ್ನು ಬಿಡಲಿಲ್ಲ, ಆದರೆ ಹಾಡನ್ನು ಕಥೆಯೊಳಕ್ಕೆ ಇಳಿಸಿದರು, ಒಬ್ಬನ ಕಂಠದಿಂದ ಎಲ್ಲರ ಕಂಠಕ್ಕೆ ಹಂಚಿದರು. ಕಲ್ಲು, ಕೋಲು, ಚಪ್ಪಾಳೆ, ನಿಟ್ಟುಸಿರು ಎಲ್ಲವೂ ಅವರಿಗೆ ವಾದ್ಯವೇ. ಅಪಸ್ವರವೆಂದು ಹೊರಗೆ ಹಾಕಬೇಕಾದ ಸದ್ದು ಯಾವುದೂ ಇಲ್ಲ, ಅದಕ್ಕೆ ತಕ್ಕ ಜಾಗವನ್ನು ಹುಡುಕಬೇಕಷ್ಟೆ. ಶಾಸ್ತ್ರೀಯ ಸಂಗೀತದ ಪಾಠಕ್ಕೆ ಶ್ರುತಿಶುದ್ಧಿ ಬೇಕು, ನಿಜ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಇಪ್ಪತ್ತೈದು ಮಕ್ಕಳಲ್ಲಿ ಶ್ರುತಿ ಸೇರುವವರು ಎಂಟು ಮಂದಿಯಾದರೆ ಉಳಿದ ಹದಿನೇಳು ಮಂದಿ ಏನು ಮಾಡಬೇಕು? ಬಾಯಿ ಆಡಿಸಬೇಕೆ? ಈ ಪ್ರಶ್ನೆಗೆ ನಮಗೆ ತಿಳಿದ ಸರಿಯಾದ ಉತ್ತರ ರಂಗಸಂಗೀತದಲ್ಲಿಯೇ ಇದೆ.

ಚಲನಚಿತ್ರದಲ್ಲಿಯೂ ಅವರ ಹಾದಿ ಇದೇ. ೧೯೭೬ರಲ್ಲಿ 'ಋಷ್ಯಶೃಂಗ', ೧೯೭೭ರಲ್ಲಿ 'ಘಟಶ್ರಾದ್ಧ' ಈ ಎರಡು ಚಿತ್ರಗಳ ಸಂಗೀತಕ್ಕೆ ಸಾಲುಸಾಲಾಗಿ ರಾಷ್ಟ್ರಪ್ರಶಸ್ತಿ ಬಂತು. 'ಘಟಶ್ರಾದ್ಧ' ವೇದಪಾಠಶಾಲೆಯ ಒಬ್ಬ ಎಳೆಯ ಬಾಲಕನ ಕಣ್ಣಿನಿಂದ ಕಾಣುವ ಕಥೆ.

ಕಾರಂತರ ಹೆಸರಿನೊಡನೆ ಶ್ರೀಮತಿ ಪ್ರೇಮಾ ಕಾರಂತರನ್ನು ನೆನೆಯದಿದ್ದರೆ ಮಕ್ಕಳ ರಂಗದ ಮಾತು ಅರ್ಧವೇ ಆಗುತ್ತದೆ. ಸ್ವತಃ ಪ್ರಾಥಮಿಕ ಶಾಲೆಯ ಅಧ್ಯಾಪಿಕೆಯಾಗಿದ್ದವರು. ಅವರೂ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತರು. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಕಾದಂಬರಿಯನ್ನು ಚಿತ್ರವಾಗಿಸಿದವರೆಂದು ಹೆಚ್ಚಿನವರು ಅವರನ್ನು ಬಲ್ಲರು. ಆದರೆ ೧೯೭೯ರಲ್ಲಿ ಬೆಂಗಳೂರಿನಲ್ಲಿ ಬೆನಕ ಮಕ್ಕಳ ಕೇಂದ್ರವನ್ನು ಕಟ್ಟಿ, 'ಜೈಂಟ್ ಮಾಮ'ನಂಥ ಕಥೆಗಳನ್ನು ಮಕ್ಕಳಿಂದಲೇ ಆಡಿಸುತ್ತ, ಅವರಿಗೆ ಉಡುಪು ಹೊಲಿಸುತ್ತ, ತಪ್ಪು ತಿದ್ದುತ್ತ ಅವರು ಸವೆಸಿದ ದಿನಗಳು ಯಾವ ಪ್ರಶಸ್ತಿಯ ಪಟ್ಟಿಯಲ್ಲಿಯೂ ಇಲ್ಲ. ಮನೆಯ ಗಂಡಸು ಊರೂರು ಸುತ್ತುವಾಗ ಊರಿನಲ್ಲಿ ಬೇರು ಬಿಟ್ಟು ನಿಂತ ಕೆಲಸ ಅವರದು. ೨೦೦೭ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು.

ಕಾರಂತರು ಊರೂರು ಸುತ್ತಿದ್ದು ನಿಜವೇ. ೧೯೭೭ರಿಂದ ದೆಹಲಿಯ ನಾಟಕ ಶಾಲೆಯ ನಿರ್ದೇಶಕರು, ಆಮೇಲೆ ಭೋಪಾಲದ ಭಾರತ ಭವನದ ರಂಗಮಂಡಲ, ೧೯೮೯ರಲ್ಲಿ ಮೈಸೂರಿನ ರಂಗಾಯಣ. ಪದ್ಮಶ್ರೀ, ಕಾಳಿದಾಸ ಸಮ್ಮಾನ ಮೊದಲಾದವು ಬಂದವು. ವೈದೇಹಿಯವರು ನಿರೂಪಿಸಿದ ಅವರ ಆತ್ಮಕಥನದ ಹೆಸರೇ 'ಇಲ್ಲಿರಲಾರೆ, ಅಲ್ಲಿಗೆ ಹೋಗಲಾರೆ'. ಅಷ್ಟೆಲ್ಲ ಹುದ್ದೆಗಳ ನಡುವೆಯೂ 'ಪಂಜರ ಶಾಲೆ', 'ನೀಲಿ ಕುದುರೆ', 'ಹೆಡ್ಡಾಯಣ'ದಂಥ ಮಕ್ಕಳ ನಾಟಕಗಳನ್ನು ಅವರು ಮಾಡಿದರು.

'ಪಂಜರ ಶಾಲೆ'ಯ ಮೂಲ ರವೀಂದ್ರನಾಥ ಠಾಕೂರರ ಗಿಳಿಯ ಕಥೆ. ಹಾಡಿಕೊಂಡು ಹಾರಾಡುತ್ತಿದ್ದ ಹಕ್ಕಿಯೊಂದಕ್ಕೆ ವಿದ್ಯೆಯಿಲ್ಲವೆಂದು ರಾಜನಿಗೆ ಚಿಂತೆ. ಪಂಡಿತರು ಕೂಡುತ್ತಾರೆ, ಚಿನ್ನದ ಪಂಜರ ತಯಾರಾಗುತ್ತದೆ, ಪುಸ್ತಕಗಳ ರಾಶಿ ಬೀಳುತ್ತದೆ, ಅಕ್ಕಸಾಲಿಗನಿಂದ ಹಿಡಿದು ಮೇಲ್ವಿಚಾರಕನವರೆಗೆ ಎಲ್ಲರೂ ಕೊಬ್ಬುತ್ತಾರೆ. ಹಕ್ಕಿಯ ಬಾಯಿಗೆ ಹಾಳೆಗಳನ್ನು ತುರುಕಿ ತುರುಕಿ, ಹಾಡೂ ನಿಂತು ಉಸಿರೂ ನಿಲ್ಲುತ್ತದೆ.

ಈ ಕಥೆಯನ್ನು ಬರೆಯುವಾಗ ನಮ್ಮ ಲೇಖನಿ ಸರಾಗವಾಗಿ ಓಡದು. ಇಪ್ಪತ್ತು ವರ್ಷಗಳ ಹಿಂದೆ ವಿಜಯನಗರದ ಕಡೆಯ ಒಂದು ಶಾಲೆಯ ಆಡಳಿತ ಸಮಿತಿಯಲ್ಲಿ ನಾವಿದ್ದೆವು. ಎಸ್.ಎಸ್.ಎಲ್.ಸಿ. ಫಲಿತಾಂಶ ಎರಡು ವರ್ಷ ಕುಸಿಯಿತು. ವಾರಕ್ಕೆ ಎರಡಿದ್ದ ಹಾಡು-ನಾಟಕದ ತರಗತಿಗಳನ್ನು ಗಣಿತಕ್ಕೆ ಕೊಡಬೇಕೆಂದು ಸಭೆಯಲ್ಲಿ ವಿಷಯ ಬಂತು. ಸಂಗೀತದ ಅಧ್ಯಾಪಿಕೆಯದು ತಾತ್ಕಾಲಿಕ ಹುದ್ದೆ, ಬಿಡಿಸುವುದು ಸುಲಭ. ಆ ನಿರ್ಣಯಕ್ಕೆ ನಾವೂ ಸಹಿ ಹಾಕಿದೆವು. ಯಾರೂ ನಮ್ಮನ್ನು ಒತ್ತಾಯಿಸಲಿಲ್ಲ. ಆಕೆ ಹೋಗುವ ದಿನ ಶಾಲೆಯ ಹಾರ್ಮೋನಿಯಂ ಅನ್ನು ಒರೆಸಿ, ಬಟ್ಟೆ ಹೊದಿಸಿ, ಬೀರುವಿನ ಮೇಲಿಟ್ಟು, ಕೀಲಿಕೈಯನ್ನು ನಮ್ಮ ಕೈಗೇ ಕೊಟ್ಟು ನಮಸ್ಕರಿಸಿ ಹೋದರು. ಆಮೇಲೆ ಫಲಿತಾಂಶವೇನೂ ಹೇಳಿಕೊಳ್ಳುವಷ್ಟು ಏರಲಿಲ್ಲ. ಹಾರ್ಮೋನಿಯಮ್ಮಿನ ತಿದಿಯನ್ನು ಇಲಿ ತಿಂದಿತೆಂದು ಮುಂದೆ ಜವಾನನಿಂದ ತಿಳಿಯಿತು.

ಕಾರಂತರು ೨೦೦೨ರ ಸೆಪ್ಟೆಂಬರ್ ೧ರಂದು ಬೆಂಗಳೂರಿನಲ್ಲಿ ನಿಧನರಾದರು. ಅವರು ನಡೆಸಿದ್ದ ರಾಷ್ಟ್ರೀಯ ನಾಟಕ ಶಾಲೆಯ ಬೆಂಗಳೂರು ಕೇಂದ್ರ ಇಂದು ನಮ್ಮ ಪಶ್ಚಿಮ ಭಾಗದಲ್ಲಿಯೇ, ಕೆಂಗೇರಿಗೆ ದೂರವಲ್ಲದ ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿದೆ. ಉದ್ಯಾನದ ತರುಣ ಕಲಿತದ್ದೂ ಅಲ್ಲಿಯೇ. ಅವನ ಗುರುಗಳ ಗುರುಗಳು ಕಾರಂತರಂತೆ. ನಮ್ಮಲ್ಲಿ ಗುರುಪರಂಪರೆಯೆಂದರೆ ಪೀಠ, ಪಟ್ಟ, ಇಸವಿಗಳ ಪಟ್ಟಿ. ಇವರಲ್ಲಿ ಅದು ಕಪ್ಪೆಯ ದನಿಯನ್ನು ಹೊರಡಿಸುವ ರೀತಿ.

ಶಿಬಿರದ ಕಡೆಯ ದಿನ ಮಕ್ಕಳು ಆಡಿದ್ದು 'ಪಂಜರ ಶಾಲೆ'ಯನ್ನೇ. ನಾವು ಮನೆಯವರೊಡನೆ ಮೂರನೆಯ ಸಾಲಿನಲ್ಲಿ ಕುಳಿತಿದ್ದೆವು. ಪಂಡಿತನ ಪಾತ್ರದ ಹುಡುಗ ಹಣೆಯ ತುಂಬ ವಿಭೂತಿ ಬಳಿದುಕೊಂಡು, ನಮ್ಮಂತೆಯೇ ಕನ್ನಡಕವನ್ನು ಮೂಗಿನ ತುದಿಗಿಳಿಸಿಕೊಂಡು ಬಂದಾಗ ಸಭೆಯೆಲ್ಲ ನಮ್ಮ ಕಡೆ ತಿರುಗಿ ನಕ್ಕಿತು. ನಾವೂ ನಕ್ಕೆವು. ಕೊನೆಯಲ್ಲಿ ರಾಜನು ಸತ್ತ ಹಕ್ಕಿಯನ್ನು ಬೆರಳಿನಿಂದ ಒತ್ತಿ ನೋಡುತ್ತಾನೆ. ಹಕ್ಕಿ ದನಿಯೆತ್ತುವುದಿಲ್ಲ, ಹೊಟ್ಟೆಯೊಳಗಿನ ಹಾಳೆಗಳು ಮಾತ್ರ ಸರಪರವೆನ್ನುತ್ತವೆ. ಆ ಸದ್ದನ್ನು ಪರದೆಯ ಹಿಂದೆ ಕುಳಿತು ಒಣಗಿದ ಎಲೆಗಳನ್ನು ಉಜ್ಜಿ ಹೊರಡಿಸಿದವಳು ಆ ಒರಟು ಕಂಠದ ಹುಡುಗಿ. ಆ ಹೊತ್ತಿನಲ್ಲಿ ಸಭೆಯಲ್ಲಿ ಬೇರೊಂದು ಸದ್ದಿರಲಿಲ್ಲ.

ಮರುದಿನ ನಾವು ಆ ಶಾಲೆಯ ಸಮಿತಿಗೆ ಒಂದು ಪತ್ರ ಬರೆದೆವು: ಹಾಡು-ನಾಟಕದ ತರಗತಿಯನ್ನು ಮತ್ತೆ ಆರಂಭಿಸಬೇಕು, ಹಾರ್ಮೋನಿಯಂ ದುರಸ್ತಿಯ ಖರ್ಚು ನಮ್ಮದು. ಅವರು ಮುಂದಿನ ಸಭೆಯಲ್ಲಿ ವಿಚಾರಕ್ಕೆ ತೆಗೆದುಕೊಳ್ಳುವುದಾಗಿ ತಿಳಿಸಿದ್ದಾರೆ. ಸಭೆ ಶ್ರಾವಣದಲ್ಲಿದೆ.