ಬಾತು ಸಾಕುತ್ತೀರಾ? ಸ್ವಲ್ಪ ತಾಳಿ

ಕಳೆದ ಯುಗಾದಿಯಂದು ಸಂಘದ ಊಟದ ಹೊತ್ತಿನಲ್ಲಿ ನಿಮ್ಮ ವಯಸ್ಸಿನ ನಾಲ್ಕೈದು ಮಂದಿ ನನ್ನನ್ನು ಸುತ್ತುವರಿದು, "ಆಂಟಿ, ನಿಮ್ಮ ಮನೆಯಲ್ಲಿ ಬತಖ್ ಇವೆಯಂತೆ, ನಮಗೂ ಎರಡು ಮರಿ ಕೊಡಿ" ಎಂದು ಕೇಳಿದಿರಿ. ಹೋಳಿಗೆ ಬಡಿಸುವ ಗಡಿಬಿಡಿಯಲ್ಲಿ "ಬನ್ನಿ, ಕೊಡೋಣ" ಎಂದುಬಿಟ್ಟೆ. ಮನೆಗೆ ಬಂದ ಮೇಲೆ ಹಾಗೆ ಹೇಳಬಾರದಿತ್ತು ಎನ್ನಿಸಿತು. ಕೊಡಲು ಮನಸ್ಸಿಲ್ಲವೆಂದಲ್ಲ. ಮರಿಯ ಜೊತೆಗೆ ಹೇಳಬೇಕಾದ ಮಾತು ಬಹಳವಿತ್ತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಓದಿದ ಮೇಲೂ ಬೇಕೆನ್ನಿಸಿದರೆ ಖಂಡಿತ ಬನ್ನಿ.

ನಾವು ವಸಾಯಿಯಲ್ಲಿ ಇರುವವರು. ಮನೆಯ ಹಿಂದೆ ಒಂದು ಬಾವಿ, ನಾಲ್ಕು ತೆಂಗು, ಒಂದಿಷ್ಟು ಬಾಳೆ. ಮಳೆಗಾಲದಲ್ಲಿ ಸೊಳ್ಳೆಯ ಕಾಟ ಎಷ್ಟಿತ್ತೆಂದರೆ ಸಂಜೆ ಆರರ ನಂತರ ಹಿತ್ತಲಿಗೆ ಕಾಲಿಡುವಂತಿರಲಿಲ್ಲ. ಪಕ್ಕದ ವಾಡಿಯ ಅಜ್ಜಿಯೊಬ್ಬರು "ಬದಕ ಸಾಕು, ನೊಣ, ಗೊದ್ದ, ಬಸವನಹುಳು ಎಲ್ಲವನ್ನೂ ತಿಂದು ಹಾಕುತ್ತವೆ" ಎಂದು ಮರಾಠಿಯಲ್ಲಿ ಹೇಳಿ, ಒಂದು ಗಂಡು ಎರಡು ಹೆಣ್ಣನ್ನು ಬುಟ್ಟಿಯಲ್ಲಿ ಹಾಕಿ ಕಳಿಸಿದರು. ಕುಮಟೆಯಿಂದ ಬಂದ ನಮ್ಮತ್ತೆ ಅವನ್ನು ನೋಡಿ, "ಇದೆಂಥಾ ಬಾತು? ಮುಖವೆಲ್ಲ ಹೀಗೆ ಸುಟ್ಟುಕೊಂಡಿದೆಯಲ್ಲ!" ಎಂದು ಮರುಗಿದ್ದರು.

ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಮಸ್ಕೊವಿ ಬಾತಿನ ಮುಖದ ಮೇಲೆ ಕೆಂಪು ಗಂಟುಗಂಟಾದ ಚರ್ಮವಿರುತ್ತದೆ. ಗಂಡಿನಲ್ಲಿ ಅದು ಇನ್ನೂ ಹೆಚ್ಚು. ಚಿತ್ರಪುಸ್ತಕದಲ್ಲಿ ನೀವು ನೋಡಿದ, "ಕ್ವಾಕ್ ಕ್ವಾಕ್" ಎನ್ನುವ ಬಾತೇ ಬೇರೆ. ಲೋಕದ ಹೆಚ್ಚುಕಡಿಮೆ ಎಲ್ಲ ಸಾಕುಬಾತುಗಳೂ ಮಲಾರ್ಡ್ ಎಂಬ ಕಾಡುಬಾತಿನ ಸಂತತಿಯಾದರೆ, ಮಸ್ಕೊವಿ ಒಂದು ಮಾತ್ರ ಬೇರೆಯೇ ಕುಲ. ಅದರ ತವರು ಮಧ್ಯ ಮತ್ತು ದಕ್ಷಿಣ ಅಮೆರಿಕ. ಕೊಲಂಬಸ್ ಹಡಗಿಳಿಯುವ ಮೊದಲೇ ಅಲ್ಲಿನ ಮೂಲನಿವಾಸಿಗಳು ಅದನ್ನು ಪಳಗಿಸಿದ್ದರು. ಹೆಸರು ಮಸ್ಕೊವಿ ಎಂದಿದ್ದರೂ ಮಾಸ್ಕೋ ನಗರಕ್ಕೂ ಅದಕ್ಕೂ ಸಂಬಂಧವಿಲ್ಲ. ಫ್ರೆಂಚರು ಅದನ್ನು ಬಾರ್ಬರಿ ಬಾತು ಎನ್ನುತ್ತಾರೆ, ಬಂಗಾಳಿಗಳು ಚೀನಾ ಹಾಂಸ್ ಎನ್ನುತ್ತಾರೆ. ಎಲ್ಲರೂ ಅದಕ್ಕೆ ತನ್ನದಲ್ಲದ ಯಾವುದೋ ಊರಿನ ಹೆಸರಿಟ್ಟವರೇ. "ನಿಮ್ಮ ಊರು ಯಾವುದು" ಎಂದು ಕೇಳಿದಾಗಲೆಲ್ಲ ಒಂದು ಕ್ಷಣ ತಡವರಿಸುವ ನಿಮಗೆ ಇದು ಅರ್ಥವಾದೀತು.

ಈ ಬಾತಿನ ಮುಖ್ಯ ಗುಣ ಮೌನ. ಹೆಣ್ಣು ಮೆಲ್ಲಗೆ ಸಿಳ್ಳೆಯಂಥ ದನಿ ಹೊರಡಿಸುತ್ತದೆ. ಗಂಡು ತಲೆಯ ಜುಟ್ಟು ನಿಮಿರಿಸಿ, ಬಾಲ ಅಲ್ಲಾಡಿಸುತ್ತ "ಹುಸ್ ಹುಸ್" ಎನ್ನುತ್ತದೆ. ಮೊದಲ ಸಲ ಕಂಡವರು ಬೈಯುತ್ತಿದೆ ಎಂದು ತಿಳಿಯುತ್ತಾರೆ. ಅದು ಮಾತನಾಡಿಸುತ್ತಿರುತ್ತದೆ, ಅಷ್ಟೇ. ಗಂಡು ನಾಲ್ಕರಿಂದ ಆರು ಕಿಲೋ ತೂಗಿದರೆ ಹೆಣ್ಣು ಅದರ ಅರ್ಧ. ಕಾಲಿನ ಉಗುರು ಬಲು ಚೂಪು, ಎತ್ತಿಕೊಳ್ಳುವಾಗ ಎಚ್ಚರ. ಹೆಣ್ಣು ಹಾರಬಲ್ಲದು. ನಮ್ಮಲ್ಲಿಗೆ ಬಂದ ಎರಡನೆಯ ದಿನವೇ ಒಂದು ಪಕ್ಕದ ಮನೆಯ ತಗಡಿನ ಮಾಡಿನ ಮೇಲೆ ಕುಳಿತಿತ್ತು. ಒಂದೇ ಬದಿಯ ರೆಕ್ಕೆಯ ಉದ್ದ ಗರಿಗಳ ತುದಿ ಕತ್ತರಿಸಿದರೆ ಸಮತೋಲ ತಪ್ಪಿ ಹಾರಲಾರದು. ಉಗುರು ಕತ್ತರಿಸಿದಂತೆ, ನೋವಿಲ್ಲ. ಆದರೆ ರಕ್ತ ಹರಿಯುವ ಎಳೆಯ ಗರಿಯನ್ನು ಮುಟ್ಟಬಾರದು. ಗರಿ ಉದುರಿ ಹೊಸದು ಬಂದಾಗ ಮತ್ತೆ ಕತ್ತರಿಸಬೇಕಾಗುತ್ತದೆ.

ಇನ್ನು ನನ್ನ ತಪ್ಪಿನ ಕಥೆ. ಇದನ್ನು ಇದುವರೆಗೆ ಮನೆಯವರ ಹೊರತು ಯಾರಿಗೂ ಹೇಳಿಲ್ಲ.

ನಿಮ್ಮಲ್ಲಿ ಕೆಲವರಿಗೆ "ಕಾವು" ಎಂಬ ಪದ ಗೊತ್ತಿರಲಾರದು. ಕಾವು ಎಂದರೆ ಬಿಸಿ. ತಾಯಿಹಕ್ಕಿ ಮೊಟ್ಟೆಗಳಿಗೆ ಮೈಯ ಬಿಸಿ ಕೊಡುತ್ತ ಕೂರುವುದಕ್ಕೆ ಕಾವು ಕೂರುವುದು ಎನ್ನುತ್ತೇವೆ. ಕೋಳಿಗೆ 21 ದಿನ, ಸಾಮಾನ್ಯ ಬಾತಿಗೆ 28 ದಿನ. ಈ 28 ಎಂಬ ಅಂಕಿ ನಾನು ಹಳೆಯ ಪುಸ್ತಕದಂಗಡಿಯಿಂದ ತಂದ ಒಂದು ಇಂಗ್ಲಿಷ್ ಪುಸ್ತಕದಲ್ಲಿತ್ತು. ನಮ್ಮ ಬಿಳಿಯ ಹೆಣ್ಣು ಬಾತು ತನ್ನ ಎದೆಯ ತುಪ್ಪಳವನ್ನು ತಾನೇ ಕಿತ್ತು ಹಾಸಿ, ಹನ್ನೆರಡು ಮೊಟ್ಟೆಗಳ ಮೇಲೆ ಕುಳಿತಾಗ ನಾನು ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ. 28 ಕಳೆಯಿತು, ಮರಿ ಇಲ್ಲ. 29 ಆಯಿತು. ಅದು ದಿನಕ್ಕೊಮ್ಮೆ ಎದ್ದು, ಗಬಗಬನೆ ತಿಂದು, ನೀರಿನಲ್ಲಿ ಮುಳುಗಿ, ಒದ್ದೆ ಮೈಯಲ್ಲೇ ಓಡಿ ಹೋಗಿ ಮತ್ತೆ ಕೂರುತ್ತಿತ್ತು. ಸೊರಗಿ ಅರ್ಧವಾಗಿತ್ತು. "ಪಾಪ, ಕೆಟ್ಟ ಮೊಟ್ಟೆಯ ಮೇಲೆ ಕೂತು ಸಾಯುತ್ತಿದೆ" ಎಂದುಕೊಂಡೆ. ಮೂವತ್ತನೆಯ ದಿನ ಅದು ಮೇಯಲು ಎದ್ದಾಗ ಒಂದು ಮೊಟ್ಟೆಯನ್ನು ತೆಗೆದುಕೊಂಡು ಹೋಗಿ ತೆಂಗಿನ ಬುಡದಲ್ಲಿ ಒಡೆದೆ.

ಒಳಗೆ ಮರಿ ಇತ್ತು. ಹಳದಿ ತುಪ್ಪಳ ಬಂದಿತ್ತು, ಕೊಕ್ಕು ಬಂದಿತ್ತು. ಹೊಟ್ಟೆಯ ಬಳಿ ಭಂಡಾರ ಇನ್ನೂ ಒಳಸೇರದೆ ಹೊರಗಿತ್ತು. ಅದು ಮಿಸುಕಾಡಿತು. ನನ್ನ ಅಂಗೈಯಲ್ಲಿ ಐದು ನಿಮಿಷ ಇದ್ದಿರಬಹುದು.

ಮಸ್ಕೊವಿಗೆ ಮರಿಯೊಡೆಯಲು 35 ದಿನ ಬೇಕು. ಅದೇ ಪುಸ್ತಕದ ಅದೇ ಪುಟದ ಅಡಿಟಿಪ್ಪಣಿಯಲ್ಲಿ ಸಣ್ಣ ಅಕ್ಷರದಲ್ಲಿ ಅದು ಅಚ್ಚಾಗಿತ್ತು. ಬಿ.ಎ. ಓದುವಾಗ ಷೇಕ್ಸ್‌ಪಿಯರನ ಒಂದು ಅಡಿಟಿಪ್ಪಣಿಯನ್ನೂ ಬಿಡದೆ ಬಾಯಿಪಾಠ ಮಾಡಿದವಳು ನಾನು! ಉಳಿದ ಹನ್ನೊಂದನ್ನು ಮುಟ್ಟಲಿಲ್ಲ. 35ನೆಯ ದಿನ ಎಂಟು ಮರಿ ಹೊರಬಂದವು, ಮರುದಿನ ಇನ್ನೊಂದು. ನಮ್ಮತ್ತೆ ಪ್ರತಿ ಮರಿಯನ್ನೂ ಎಣಿಸಿ ಸಂತೋಷಪಟ್ಟರು. ನಾನು ಎಣಿಸಿದಾಗಲೆಲ್ಲ ಒಂದು ಕಡಿಮೆ ಬರುತ್ತಿತ್ತು.

ಮೊಟ್ಟೆಯಲ್ಲಿ ಜೀವವಿದೆಯೇ ಎಂದು ನೋಡಲು ಒಡೆಯಬೇಕಾಗಿಲ್ಲ. ಹತ್ತನೆಯ ದಿನದ ಸುಮಾರಿಗೆ ಕತ್ತಲೆ ಕೋಣೆಯಲ್ಲಿ ಮೊಟ್ಟೆಯ ಹಿಂದೆ ಟಾರ್ಚ್ ಹಿಡಿದರೆ, ಜೀವವಿರುವ ಮೊಟ್ಟೆಯಲ್ಲಿ ಜೇಡರ ಬಲೆಯಂತೆ ಕೆಂಪು ನರಗಳು ಕಾಣಿಸುತ್ತವೆ. ಬರಿಯ ಮೊಟ್ಟೆ ತಿಳಿಯಾಗಿ ಬೆಳಗುತ್ತದೆ. ಇಷ್ಟು ನೋಡಿ ಸುಮ್ಮನಿದ್ದರೆ ಸಾಕು.

ಈಗ ಆರಂಭಿಸುವ ಮಾತು. ನನ್ನನ್ನು ಕೇಳಿದರೆ ಒಂದು ದಿನದ ಮರಿಯಿಂದ ಆರಂಭಿಸಬೇಡಿ. ಮುದ್ದಾಗಿರುತ್ತದೆ, ನಿಜ. ಆದರೆ ತಾಯಿಯಿಲ್ಲದ ಮರಿಗೆ ಮೊದಲ ವಾರ ಸುಮಾರು 32 ಡಿಗ್ರಿ ಬಿಸಿ ಬೇಕು, ವಾರವಾರ ಅದನ್ನು ಸ್ವಲ್ಪಸ್ವಲ್ಪ ಇಳಿಸುತ್ತ ಹೋಗಬೇಕು. ಬಾತಿನ ಮರಿಯಲ್ಲವೇ ಎಂದು ಟಬ್ಬಿಗೆ ಬಿಟ್ಟರೆ ತೊಯ್ದು, ನಡುಗಿ ಸಾಯುತ್ತದೆ. ಈಜುವ ಮರಿಯ ಮೈ ಒಣಗಿರುವಂತೆ ನೋಡಿಕೊಳ್ಳುವುದು ತಾಯಿ. ಕೋಳಿಮರಿಯ ಆಹಾರವನ್ನೇ ಹಾಕಿದರೆ ನಯಾಸಿನ್ ಎಂಬ ಬಿ ಜೀವಸತ್ವ ಸಾಲದೆ ಕಾಲು ಸೊಟ್ಟಗಾಗುತ್ತದೆ. ಬ್ರೂವರ್ಸ್ ಯೀಸ್ಟ್ ಪುಡಿ ಬೆರೆಸಿ ಕೊಡಬೇಕು. ಇದಕ್ಕಿಂತ ಎರಡು ಮೂರು ತಿಂಗಳು ತುಂಬಿ ಗರಿ ಬಲಿತ ಹೆಣ್ಣುಗಳನ್ನೇ ತರುವುದು ಮೇಲು. ಎರಡು ಅಥವಾ ಮೂರು ಸಾಕು. ಒಂದನ್ನು ಮಾತ್ರ ಎಂದೂ ತರಬೇಡಿ, ಒಂಟಿತನಕ್ಕೆ ಕೊರಗುತ್ತದೆ. ಮೊದಲ ವರ್ಷ ಗಂಡು ಬೇಡವೇ ಬೇಡ. ಗಂಡಿಲ್ಲದೆಯೂ ಹೆಣ್ಣು ಆರೇಳು ತಿಂಗಳಿಗೆ ಮೊಟ್ಟೆಯಿಡಲು ಆರಂಭಿಸುತ್ತದೆ, ಮರಿಯಾಗುವುದಿಲ್ಲ ಅಷ್ಟೇ.

ಗೂಡಿಗೆ ಹಕ್ಕಿಯೊಂದಕ್ಕೆ ನಾಲ್ಕೈದು ಚದರ ಅಡಿ ಲೆಕ್ಕ ಹಿಡಿಯಿರಿ. ಹಗಲು ಅಂಗಳದಲ್ಲಿರಲಿ, ಕತ್ತಲಾಗುವ ಮುನ್ನ ಒಳಗೆ ಸೇರಿಸಿ ಚಿಲಕ ಹಾಕಲೇಬೇಕು. ಮುಂಗುಸಿ, ಬೆಕ್ಕು, ಬೀದಿನಾಯಿ, ಹೆಗ್ಗಣ ಎಲ್ಲಕ್ಕೂ ಅದು ಊಟ. ಕೋಳಿಗೂಡಿಗೆ ಹಾಕುವ ತೆಳು ಜಾಲರಿಯನ್ನು ನಾಯಿ ಹರಿದು ಹಾಕುತ್ತದೆ. ನಮ್ಮಲ್ಲಿ ಹಾಗೆ ಒಂದು ರಾತ್ರಿ ಎರಡು ಹೋದವು. ಗಟ್ಟಿಯಾದ ವೆಲ್ಡ್ ಮೆಶ್ ಹಾಕಿಸಿ, ಅದರ ಅಂಚನ್ನು ನೆಲದೊಳಗೆ ಒಂದಡಿ ಹೂಳಿಸಿ. ನೆಲಕ್ಕೆ ಭತ್ತದ ಹೊಟ್ಟು ದಪ್ಪಗೆ ಹಾಸಿ, ಒದ್ದೆಯಾದದ್ದನ್ನು ಆಗಾಗ ತೆಗೆಯಿರಿ.

ಕೊಳ ಬೇಕೆಂದಿಲ್ಲ. ಆದರೆ ತಲೆ ಪೂರ್ತಿ ಮುಳುಗುವಷ್ಟು ಆಳದ ನೀರು ಬೇಕೇ ಬೇಕು. ಕಣ್ಣು ಮೂಗು ತೊಳೆದುಕೊಳ್ಳಲಾಗದಿದ್ದರೆ ಕಣ್ಣಿಗೆ ರೋಗ ಬರುತ್ತದೆ. ನಾನು ಒಂದು ಅಗಲವಾದ ಪ್ಲಾಸ್ಟಿಕ್ ಟಬ್ ಇಟ್ಟಿದ್ದೇನೆ. ಬೆಳಿಗ್ಗೆ ತುಂಬಿಸಿದ ತಿಳಿನೀರು ಮಧ್ಯಾಹ್ನದೊಳಗೆ ಸಾರಿನಂತಾಗಿರುತ್ತದೆ. ದಿನವೂ ಚೆಲ್ಲಿ ತುಂಬಬೇಕು. ಚೆಲ್ಲಿದ ನೀರು ಬಾಳೆಗೆ, ಕೆಸುವಿಗೆ. ನಮ್ಮ ಬಾಳೆಗೊನೆಯನ್ನು ಸಂಘದಲ್ಲಿ ಹೊಗಳಿದವರಿಗೆ ಅದರ ಗುಟ್ಟು ಈಗ ತಿಳಿಯಿತು.

ಊಟಕ್ಕೆ ಹುಲ್ಲು, ಹುಳು, ಸೊಪ್ಪಿನ ಜೊತೆಗೆ ದಿನಕ್ಕೆ ಸುಮಾರು 150 ಗ್ರಾಂ ನುಚ್ಚು, ತೌಡು, ಮೊಟ್ಟೆಕೋಳಿಯ ಆಹಾರ ಬೆರೆಸಿ ನೆನೆಸಿದ್ದು ಸಾಕಾಗುತ್ತದೆ. ಬ್ರೆಡ್ ಹಾಕಬೇಡಿ. ಎಲ್ಲಕ್ಕಿಂತ ಮುಖ್ಯ, ಬೂಷ್ಟು ಹಿಡಿದದ್ದನ್ನು ಹಾಕಬೇಡಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು, ಜೊತೆಗೆ ಬಾತಿನ ಮರಿಗಳೂ ಸತ್ತವು. ಕಾರಣ ಹುಡುಕಿದರೆ ಬ್ರೆಜಿಲಿನಿಂದ ಬಂದ ಕಡಲೆಕಾಯಿ ಹಿಂಡಿಯಲ್ಲಿ ಬೂಷ್ಟಿನ ವಿಷ. ಅದಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಿಟ್ಟರು. ಕೋಳಿ ತಡೆದುಕೊಳ್ಳುವಷ್ಟನ್ನು ಬಾತು ತಡೆಯಲಾರದು. ನಮ್ಮ ಈ ಕರಾವಳಿಯ ಮಳೆಗಾಲದಲ್ಲಿ ಹಪ್ಪಳವೇ ಮೆತ್ತಗಾಗುವಾಗ ಹಿಂಡಿ, ತೌಡು ಉಳಿದೀತೆ? ವಾರಕ್ಕೆ ಬೇಕಾದಷ್ಟೇ ತಂದು, ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಡುತ್ತೇನೆ.

ಬಾತಿಗೆ ಪ್ಲೇಗ್ ಎಂಬ ರೋಗವಿದೆ, ಅದಕ್ಕೆ ಲಸಿಕೆಯಿದೆ. ಒಂದು ಸೀಸೆಯಲ್ಲಿ ಹಲವು ಹಕ್ಕಿಗಳಿಗಾಗುವಷ್ಟು ಇರುವುದರಿಂದ ನಾಲ್ಕು ಮನೆಯವರು ಸೇರಿ ಸರಕಾರಿ ಪಶುವೈದ್ಯರಲ್ಲಿ ಹಾಕಿಸುವುದು ಒಳ್ಳೆಯದು. ಹಕ್ಕಿಜ್ವರದ ಬಗ್ಗೆಯೂ ತಿಳಿದಿರಬೇಕು. 2006ರ ಫೆಬ್ರವರಿಯಲ್ಲಿ ಅದು ಭಾರತದಲ್ಲಿ ಮೊದಲು ಕಂಡದ್ದು ನಮ್ಮದೇ ಮಹಾರಾಷ್ಟ್ರದ ನವಾಪುರದಲ್ಲಿ. ಹಕ್ಕಿಗಳು ಒಮ್ಮೆಲೇ ಸಾಯತೊಡಗಿದರೆ ಮುಟ್ಟದೆ, ಮುಚ್ಚಿಡದೆ ಪಶುಸಂಗೋಪನಾ ಇಲಾಖೆಗೆ ತಿಳಿಸಬೇಕು. ಗೂಡಿನ ಕೆಲಸ ಮುಗಿಸಿ ಸಾಬೂನಿನಿಂದ ಕೈ ತೊಳೆಯುವುದು, ಮೊಟ್ಟೆಯನ್ನು ಪೂರ್ತಿ ಬೇಯಿಸಿ ತಿನ್ನುವುದು, ಇವನ್ನು ಬೇರೆ ಹೇಳಬೇಕಿಲ್ಲ. ಮೊಟ್ಟೆ ಕೋಳಿಯದಕ್ಕಿಂತ ದೊಡ್ಡದು, ಭಂಡಾರ ದಪ್ಪ. ನಮ್ಮವರಿಗೆ ಬಲು ಇಷ್ಟ. ಆದರೆ ನಮ್ಮತ್ತೆಯ ಆಣತಿಯಂತೆ ಹಿತ್ತಲಿನ ಸ್ಟವ್ ಮೇಲೆಯೇ ಬೇಯಬೇಕು!

ಯಾರೂ ಮೊದಲು ಹೇಳದ ಮಾತೊಂದಿದೆ. ಮರಿ ಮಾಡಿಸಿದರೆ ಸರಿಸುಮಾರು ಅರ್ಧ ಗಂಡೇ ಆಗುತ್ತವೆ. ನಾಲ್ಕೈದು ಹೆಣ್ಣಿಗೆ ಒಂದು ಗಂಡು ಸಾಕು. ಹೆಚ್ಚಾದರೆ ತಮ್ಮಲ್ಲಿ ಕಾದಾಡಿ ರಕ್ತ ಹರಿಸುತ್ತವೆ, ಹೆಣ್ಣುಗಳ ಕುತ್ತಿಗೆಯ ಗರಿ ಕಿತ್ತು ಹಿಂಸೆ ಕೊಡುತ್ತವೆ. ಹಾಗಾದರೆ ಮಿಕ್ಕ ಗಂಡುಗಳು ಎಲ್ಲಿ ಹೋಗುತ್ತವೆ? ನಮ್ಮಲ್ಲಿ ಅವು ಬಾತು ಕೊಟ್ಟ ಆ ವಾಡಿಯ ಅಜ್ಜಿಯ ಮನೆಗೆ ಹೋಗುತ್ತವೆ, ಡಿಸೆಂಬರಿನಲ್ಲಿ. ಅವರದು ಕ್ರಿಸ್‌ಮಸ್ ಅಡುಗೆ. ನಾವು ಬಾತು ತಿನ್ನುವವರಲ್ಲ. ಹಾಗೆಂದು "ಎಲ್ಲಿಯೋ ಸಾಕಲು ಕೊಟ್ಟೆವು" ಎಂದು ಮಕ್ಕಳಿಗೆ ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. ನನ್ನ ಮಗ ಎಂಟನೆಯ ತರಗತಿಯಲ್ಲಿದ್ದಾಗ ಕೇಳಿದ, ಹೇಳಿದೆ. ಎರಡು ದಿನ ನನ್ನೊಡನೆ ಮಾತು ಬಿಟ್ಟಿದ್ದ. ಆಮೇಲೆ ಅವನೇ, "ಇನ್ನು ಮೇಲೆ ಕಾವು ಕೂರಿಸುವುದು ಕಡಿಮೆ ಮಾಡೋಣ ಅಮ್ಮ" ಎಂದ. ಅಂದಿನಿಂದ ನಾವು ಹೆಚ್ಚಿನ ಮೊಟ್ಟೆಗಳನ್ನು ದಿನವೂ ತೆಗೆದುಬಿಡುತ್ತೇವೆ, ಯಾರಾದರೂ ನಿಜವಾಗಿ ಬೇಕೆಂದಾಗ ಮಾತ್ರ ಕೂರಿಸುತ್ತೇವೆ. ಈ ಪ್ರಶ್ನೆಗೆ ನಿಮ್ಮ ಮನೆಯಲ್ಲಿ ಉತ್ತರ ಏನೆಂದು ಮರಿ ಬರುವ ಮೊದಲೇ ಕುಳಿತು ಮಾತನಾಡಿ. ಬೇಡವಾದದ್ದನ್ನು ಕೆರೆಗೆ ಬಿಟ್ಟು ಬರುವ ಉಪಾಯ ಮಾತ್ರ ಬೇಡ. ಇದು ಇಲ್ಲಿಯ ಹಕ್ಕಿಯಲ್ಲ. ಕೆರೆಯಲ್ಲಿ ಒಂದೋ ನಾಯಿಯ ಬಾಯಿಗೆ ಬೀಳುತ್ತದೆ, ಇಲ್ಲವೇ ಅಲ್ಲಿಯ ಹಕ್ಕಿಗಳ ಜಾಗಕ್ಕೆ ನುಗ್ಗುತ್ತದೆ. ಹಾಗೆಯೇ ಕೆರೆಯ ಕಾಡುಬಾತಿನ ಮರಿಯನ್ನು ಮನೆಗೆ ತರುವುದೂ ಬೇಡ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದು ಅಪರಾಧ.

ಚೆನ್ನಾಗಿ ನೋಡಿಕೊಂಡರೆ ಈ ಬಾತು ಎಂಟು ಹತ್ತು ವರ್ಷ ಬದುಕುತ್ತದೆ. ನಿಮಗೀಗ ಹತ್ತೊಂಬತ್ತೋ ಇಪ್ಪತ್ತೋ. ಹತ್ತು ವರ್ಷದಲ್ಲಿ ನೌಕರಿ, ಮದುವೆ, ಬೆಂಗಳೂರೋ ಅಮೆರಿಕವೋ. ಆಗ ಬೆಳಿಗ್ಗೆ ಟಬ್ ತೊಳೆಯುವವರು ಯಾರು? ನಿಮ್ಮ ಅಮ್ಮ. ಆದ್ದರಿಂದ ಮರಿ ಕೇಳಲು ಬರುವಾಗ ಅಮ್ಮನನ್ನೂ ಕರೆದುಕೊಂಡು ಬನ್ನಿ. ನಾನು ಅವರೊಡನೆ ಮಾತನಾಡುತ್ತೇನೆ.

ಫ್ಲ್ಯಾಟಿನಲ್ಲಿರುವವರಿಗೆ ಕೊಡುವುದಿಲ್ಲ, ಬೇಸರಿಸಬೇಡಿ. ಬಾಲ್ಕನಿಯಲ್ಲಿ ಬಾತು ಬಾಳುವುದಿಲ್ಲ, ಕೆಳಗಿನ ಮನೆಯವರೂ ಬಾಳುವುದಿಲ್ಲ. ಅಂಗಳವಿರುವವರು ನಗರಪಾಲಿಕೆಯ ನಿಯಮವನ್ನೂ ನೆರೆಯವರನ್ನೂ ಕೇಳಿ, ಗೂಡು ಕಟ್ಟಿಸಿ, ಆಮೇಲೆ ತಿಳಿಸಿ. ಈಗ ಕರಿಬಿಳಿ ಹೆಣ್ಣೊಂದು ಹದಿನಾಲ್ಕು ಮೊಟ್ಟೆಗಳ ಮೇಲೆ ಕುಳಿತಿದೆ, ಇಂದಿಗೆ 22ನೆಯ ದಿನ. ಮರಿಗಳು ತಾಯಿಯ ಜೊತೆ ಎರಡು ತಿಂಗಳು ಇರಬೇಕು, ಗಂಡು ಯಾವುದು ಹೆಣ್ಣು ಯಾವುದೆಂದು ಆಗ ಗಾತ್ರದಲ್ಲೇ ತಿಳಿಯುತ್ತದೆ. ಬರುವಾಗ ಬೆತ್ತದ ಬುಟ್ಟಿ ತನ್ನಿ, ಪ್ಲಾಸ್ಟಿಕ್ ಚೀಲ ತಂದವರನ್ನು ಹಾಗೆಯೇ ಕಳಿಸುತ್ತೇನೆ.